ಬಿಲ್ಲಿಗೆ ಶ್ರುತಿ ಕೂಡಿಸುವವರು ಯಾರು?

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ. ಈ ನಾಲ್ಕು ತಾಲ್ಲೂಕುಗಳ ಮಕ್ಕಳ ಆಟೋಟದ ಮಾತು ಬಂದರೆ ಸಾಕು, ಯಾರಾದರೊಬ್ಬರು ಎದ್ದು ನಿಂತು ಹೇಳುವ ಮಾತೊಂದಿದೆ: "ಇವರು ಕಾಡಿನ ಮಕ್ಕಳು. ಓಟ ಇವರ ಕಾಲಲ್ಲೇ ಇದೆ, ಬಿಲ್ಲು ಇವರ ರಕ್ತದಲ್ಲೇ ಇದೆ." ಸಭೆ ಚಪ್ಪಾಳೆ ತಟ್ಟುತ್ತದೆ. ಹೇಳಿದವರಿಗೆ ಒಳ್ಳೆಯ ಮಾತಾಡಿದ ಸಮಾಧಾನ. ಕೇಳಿದ ಮಕ್ಕಳಿಗೂ ಒಂದು ಗಳಿಗೆ ಎದೆ ಉಬ್ಬುತ್ತದೆ. ಈ ಹೊಗಳಿಕೆಯ ಮೇಲೆ ನನ್ನ ತಕರಾರಿದೆ. ಅದು ಸುಳ್ಳು ಎಂಬುದು ತಕರಾರಿನ ಅರ್ಧ. ಅದು ತೀರಾ ಅಗ್ಗದ ಮಾತು ಎಂಬುದು ಇನ್ನರ್ಧ. ರಕ್ತದಲ್ಲೇ ಇದ್ದ ಮೇಲೆ ಕಲಿಸುವವರು ಯಾಕೆ ಬೇಕು? ರಕ್ತಕ್ಕೆ ಸಂಬಳ ಕೊಡಬೇಕಿಲ್ಲ, ಬಿಡಿಭಾಗ ತರಿಸಬೇಕಿಲ್ಲ, ಮಳೆಗಾಲದಲ್ಲಿ ಒಳಗಿಡಲು ಒಂದು ಕೋಣೆಯೂ ಬೇಕಿಲ್ಲ. ಬಾಯಿತುಂಬ ಹೊಗಳಿದರೆ ಜೇಬಿನಿಂದ ಏನೂ ತೆಗೆಯದೆ ಮನೆಗೆ ಹೋಗಬಹುದು.

ಈ ಮಾತಿಗೊಂದು ಇತಿಹಾಸವಿದೆ. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ 'ಸ್ಪೆಷಲ್ ಏರಿಯಾ ಗೇಮ್ಸ್' ಎಂಬ ಯೋಜನೆ ತಂದಿತು. ಆಗ ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡಿಕೊಳ್ಳುತ್ತಿದ್ದವರು ಮಾರ್ಗರೇಟ್ ಆಳ್ವ. ಯೋಜನೆಯ ಬೆನ್ನಿಗಿದ್ದ ಎಣಿಕೆ ಸರಳವಾಗಿತ್ತು: ಯಾವ ಸಮುದಾಯಕ್ಕೆ ಯಾವ ಆಟ 'ಸಹಜ' ಎಂದು ಗುರುತಿಸು, ಅಲ್ಲಿಂದ ಮಕ್ಕಳನ್ನು ಆರಿಸು. ಉತ್ತರ ಕನ್ನಡದ ಮತ್ತು ಗುಜರಾತಿನ ಸಿದ್ದಿಗಳ ಪೂರ್ವಜರು ಆಫ್ರಿಕಾದವರು, ಆದ್ದರಿಂದ ಸಿದ್ದಿ ಮಕ್ಕಳಿಗೆ ಓಟ. ರಾಜಸ್ಥಾನದ, ಆಗಿನ ಬಿಹಾರದ ಆದಿವಾಸಿಗಳ ಕೈಯಲ್ಲಿ ಬಿದಿರಿನ ಬಿಲ್ಲು ಇತ್ತು, ಆದ್ದರಿಂದ ಅವರಿಗೆ ಬಿಲ್ಲುಗಾರಿಕೆ. 1987ರ ಹೊತ್ತಿಗೆ ನಮ್ಮ ಕಾಡಂಚಿನ ಹಾಡಿಗಳಿಂದ ಸಿದ್ದಿ ಹುಡುಗ ಹುಡುಗಿಯರು ತರಬೇತಿಗೆ ಹೊರಟರು. ಕೆಲವರು ರಾಷ್ಟ್ರಮಟ್ಟದಲ್ಲಿ ಪದಕವನ್ನೂ ಗೆದ್ದರು. 1990ರ ದಶಕದ ಆರಂಭದಲ್ಲೇ ಸಿದ್ದಿಗಳ ಪಾಲಿಗೆ ಆ ಬಾಗಿಲು ಮುಚ್ಚಿತು. ಹೋದವರಲ್ಲಿ ಅನೇಕರು ಊರಿಗೆ ಮರಳಿ ಕೂಲಿ ನಾಲಿಗೆ, ಸಣ್ಣಪುಟ್ಟ ನೌಕರಿಗೆ ಸೇರಿಕೊಂಡರು. ರಕ್ತವೇನೂ ಬದಲಾಗಿರಲಿಲ್ಲ. ನಿಂತುಹೋದದ್ದು ಹಾಸ್ಟೆಲ್ಲು, ಊಟ, ಕೋಚು, ರೈಲಿನ ಟಿಕೀಟು. ಎಲ್ಲವೂ ರಕ್ತದಲ್ಲೇ ಇದ್ದಿದ್ದರೆ ಇವುಗಳು ನಿಂತಾಗ ಓಟವೂ ನಿಲ್ಲಬಾರದಿತ್ತಲ್ಲ?

ಬಿಲ್ಲಿನ ಕಡೆ ಏನಾಯಿತು ನೋಡಿ. ಅದೇ ಯೋಜನೆ ಉದಯಪುರ ಜಿಲ್ಲೆಯ ಬಡ ಆದಿವಾಸಿ ಕುಟುಂಬದ ಲಿಂಬಾ ರಾಮ್ ಎಂಬ ಹುಡುಗನನ್ನು 1987ರಲ್ಲಿ ಆರಿಸಿತು. ಮರುವರ್ಷವೇ ಆತ ಸೋಲ್ ಒಲಿಂಪಿಕ್ಸಿನಲ್ಲಿ ಭಾರತದ ಪರವಾಗಿ ಬಿಲ್ಲು ಹಿಡಿದಿದ್ದ. ಮುಂದೆ ಅರ್ಜುನ ಪ್ರಶಸ್ತಿ, 2012ರಲ್ಲಿ ಪದ್ಮಶ್ರೀ. ಈ ಕಥೆಯನ್ನು ನಾವು 'ಕಾಡಿನ ಬಿಲ್ಲುಗಾರ ಒಲಿಂಪಿಕ್ಸಿಗೆ ಹೋದ' ಎಂದು ಹೇಳಿಕೊಂಡು ಬಂದಿದ್ದೇವೆ. ಹೇಳುವಾಗ ಒಂದು ಸಾಲನ್ನು ನುಂಗುತ್ತೇವೆ. ಕಾಡಿಗೂ ಒಲಿಂಪಿಕ್ಸಿಗೂ ನಡುವೆ ದೆಹಲಿಯ ಶಿಬಿರವಿತ್ತು, ಅಲ್ಲಿ ತರಬೇತುದಾರರಿದ್ದರು, ಬಿದಿರಿನ ಬಿಲ್ಲಿನ ಜಾಗದಲ್ಲಿ ಆತನ ಮೈಗೆ ಹೊಂದಿಸಿದ ಆಧುನಿಕ ರಿಕರ್ವ್ ಬಿಲ್ಲು ಬಂದಿತ್ತು. ನುಂಗಿದ ಆ ಸಾಲೇ ಈ ಲೇಖನದ ವಿಷಯ.

ರಿಕರ್ವ್ ಎಂದರೆ ಒಲಿಂಪಿಕ್ಸಿನಲ್ಲಿ ನೀವು ಟೀವಿಯಲ್ಲಿ ನೋಡುವ ಬಿಲ್ಲು. ನಡುವೆ ಲೋಹದ ಅಥವಾ ಕಾರ್ಬನ್ನಿನ ಹಿಡಿ, ಅದಕ್ಕೆ ರೈಸರ್ ಎನ್ನುತ್ತಾರೆ. ಮೇಲೊಂದು ಕೆಳಗೊಂದು ಬಳುಕುವ ತೋಳು, ಅವಕ್ಕೆ ಲಿಂಬ್ ಎಂದು ಹೆಸರು. ಲಿಂಬಿನ ತುದಿ ಬಿಲ್ಲುಗಾರನಿಂದ ಆಚೆಗೆ ಬಾಗಿರುವುದರಿಂದಲೇ ರಿಕರ್ವ್. ಗುರಿ ಇರುವುದು 70 ಮೀಟರ್ ಆಚೆ. ಗುರಿಹಲಗೆಯ ಅಗಲ 122 ಸೆಂಟಿಮೀಟರ್, ನಟ್ಟನಡುವಿನ ಹತ್ತು ಅಂಕದ ವೃತ್ತದ ಅಗಲ 12.2 ಸೆಂಟಿಮೀಟರ್. ಅರ್ಹತಾ ಸುತ್ತಿನಲ್ಲಿ 72 ಬಾಣ, ಗರಿಷ್ಠ 720 ಅಂಕ. ಒಂದು ಸಣ್ಣ ಲೆಕ್ಕ ಹಾಕಿ. ನಡುಬಿಂದುವಿನಿಂದ ಹತ್ತರ ವೃತ್ತದ ಅಂಚಿಗೆ 6.1 ಸೆಂಟಿಮೀಟರ್. 70 ಮೀಟರ್ ದೂರಕ್ಕೆ ಅಷ್ಟು ಸರಿಯಬೇಕಾದರೆ, 70 ಸೆಂಟಿಮೀಟರ್ ಉದ್ದದ ಬಾಣದ ತುದಿ ಬಿಲ್ಲಿನ ಬಳಿ ಎಷ್ಟು ವಾಲಬೇಕು? 0.6 ಮಿಲಿಮೀಟರ್. ಆರೇಳು ಹಾಳೆ ಕಾಗದವನ್ನು ಒಂದರ ಮೇಲೊಂದು ಇಟ್ಟರೆ ಅಷ್ಟು ದಪ್ಪ ಆಗುತ್ತದೆ. ಅಷ್ಟಕ್ಕೆ ಹತ್ತು ಹೋಗಿ ಒಂಬತ್ತಾಗುತ್ತದೆ. ಇಷ್ಟು ಸೂಕ್ಷ್ಮವಾದದ್ದನ್ನು ರಕ್ತ ನೋಡಿಕೊಳ್ಳುವುದಿಲ್ಲ. ಅಳತೆಗೋಲು, ಅಲೆನ್ ಕೀ, ಮತ್ತು ಅವನ್ನು ಹಿಡಿಯಬಲ್ಲ ಒಬ್ಬ ಮನುಷ್ಯ ನೋಡಿಕೊಳ್ಳಬೇಕು.

ಆ ಮನುಷ್ಯನ ಕೆಲಸ ಏನು ಎಂಬುದನ್ನು ಬಿಡಿಸಿ ಹೇಳುತ್ತೇನೆ. ಅದನ್ನು ತಿಳಿಯದೆ ಈ ಜಗಳ ಅರ್ಥವಾಗುವುದಿಲ್ಲ.

ಮೊದಲನೆಯದು, ಬಿಲ್ಲಿನ ತೂಕ. ಇಲ್ಲಿ ತೂಕವೆಂದರೆ ಬಿಲ್ಲು ಎಷ್ಟು ಭಾರವಿದೆ ಎಂದಲ್ಲ, ಹೆದೆ ಎಳೆಯಲು ಎಷ್ಟು ಬಲ ಬೇಕು ಎಂದು. ಲಿಂಬಿನ ಮೇಲೆ 30 ಪೌಂಡ್ ಎಂದು ಬರೆದಿದ್ದರೆ, 28 ಇಂಚು ಎಳೆದಾಗ ಅಷ್ಟು ಎಂದು ಅರ್ಥ. ಹದಿಮೂರರ ಹುಡುಗಿ ಎಳೆಯುವುದು 25 ಇಂಚೇ ಇರಬಹುದು. ಇಂಚಿಗೆ ಸುಮಾರು ಎರಡು ಪೌಂಡ್ ಕಡಿಮೆಯಾಗುತ್ತದೆ. ಅಂದರೆ ಅವಳ ಬೆರಳಿನ ಮೇಲೆ ಬೀಳುವುದು 24 ಪೌಂಡಿನ ಆಸುಪಾಸು. ಅದೇ ಬಿಲ್ಲು ಪಕ್ಕದ ಎತ್ತರದ ಹುಡುಗನ ಕೈಯಲ್ಲಿ 30ನ್ನೂ ದಾಟುತ್ತದೆ. ಒಂದೇ ಬಿಲ್ಲು, ಎರಡು ಮೈ, ಎರಡು ಬೇರೆ ಬೇರೆ ಬಿಲ್ಲು. ಶಕ್ತಿಗೆ ಮೀರಿದ ಬಿಲ್ಲನ್ನು ಕೊಟ್ಟರೆ ಮಗು ಭುಜ ಎತ್ತಿ, ಬೆನ್ನು ಬಾಗಿಸಿ ಹೇಗೋ ಎಳೆಯುತ್ತದೆ. ಆ ಕೆಟ್ಟ ಭಂಗಿ ಮೈಗೂಡುತ್ತದೆ, ಮುಂದೊಂದು ದಿನ ಭುಜವೂ ನೋಯುತ್ತದೆ.

ಎರಡನೆಯದು, ಹೆದೆಯ ಎತ್ತರ. ಹೆದೆ ಏರಿಸಿದ ಮೇಲೆ ಹೆದೆಗೂ ಹಿಡಿಗೂ ನಡುವೆ ಇರುವ ಅಂತರಕ್ಕೆ ಬ್ರೇಸ್ ಹೈಟ್ ಎನ್ನುತ್ತಾರೆ. 68 ಇಂಚಿನ ಬಿಲ್ಲಿಗೆ ಸುಮಾರು 22 ಸೆಂಟಿಮೀಟರಿನಿಂದ ಶುರು ಮಾಡಬಹುದು. ಹೆದೆಯನ್ನು ಕಳಚಿ ನಾಲ್ಕು ಸುತ್ತು ಹೆಚ್ಚು ತಿರುಚಿದರೆ ಅದು ಗಿಡ್ಡವಾಗಿ ಅಂತರ ಏರುತ್ತದೆ, ಬಿಚ್ಚಿದರೆ ಇಳಿಯುತ್ತದೆ. ಎಲ್ಲಿ ನಿಲ್ಲಿಸಬೇಕು? ಬಿಲ್ಲೇ ಹೇಳುತ್ತದೆ. ಸರಿಯಾದ ಜಾಗದಲ್ಲಿ ಬಾಣ ಬಿಟ್ಟಾಗ ಸದ್ದು ತಗ್ಗುತ್ತದೆ, ಕೈಗೆ ನಡುಕ ಕಡಿಮೆ ಬರುತ್ತದೆ. ಮೂರನೆಯದು ಟಿಲ್ಲರ್: ಮೇಲಿನ ಲಿಂಬಿನ ಬುಡದಿಂದ ಹೆದೆಗೆ ಇರುವ ದೂರ, ಕೆಳಗಿನದಕ್ಕಿಂತ ಸಾಮಾನ್ಯವಾಗಿ ಕೆಲವೇ ಮಿಲಿಮೀಟರ್ ಹೆಚ್ಚಿರುತ್ತದೆ. ಒಂದು ಬೆರಳು ಬಾಣದ ಮೇಲೆ, ಎರಡು ಬೆರಳು ಬಾಣದ ಕೆಳಗೆ ಹಿಡಿದು ಎಳೆಯುವುದರಿಂದ ಎರಡು ಲಿಂಬುಗಳ ಮೇಲೆ ಬೀಳುವ ಬಲ ಒಂದೇ ಇರುವುದಿಲ್ಲ. ಅದನ್ನು ಸರಿದೂಗಿಸಲು ಈ ವ್ಯತ್ಯಾಸ.

ನಾಲ್ಕನೆಯದು, ಬಾಣವನ್ನು ಹೆದೆಗೆ ಸಿಕ್ಕಿಸುವ ಜಾಗ, ನಾಕಿಂಗ್ ಪಾಯಿಂಟ್. ಬಾಣ ಹೆದೆಗೆ ನೇರ ಲಂಬವಾಗಿ ಕೂರುವ ಜಾಗಕ್ಕಿಂತ ತುಸು ಮೇಲೆ ಅದನ್ನು ಗುರುತಿಸಿ, ದಾರ ಸುತ್ತಿ ಗಟ್ಟಿ ಮಾಡುತ್ತಾರೆ. ಹಲ್ಲು ಶುಚಿ ಮಾಡುವ ಫ್ಲಾಸ್ ದಾರ ಇದಕ್ಕೆ ಧಾರಾಳ ಸಾಕು. ಐದನೆಯದು, ಹಿಡಿಯ ಪಕ್ಕದಲ್ಲಿ ಬಾಣ ಒರಗುವ ಸಣ್ಣ ಸ್ಪ್ರಿಂಗ್ ಗುಂಡಿ, ಪ್ಲಂಜರ್. ಬಾಣ ಹೊರಡುವಾಗ ಅಡ್ಡಡ್ಡ ಬಳುಕುತ್ತದೆ. ಬೆರಳಿನಿಂದ ಜಾರುವ ಹೆದೆ ಬಾಣದ ಹಿಂತುದಿಯನ್ನು ಪಕ್ಕಕ್ಕೆ ತಳ್ಳುತ್ತದೆ, ಬಾಣ ಮೀನಿನ ಹಾಗೆ ಬಳುಕುತ್ತ ಹಿಡಿಯನ್ನು ಬಳಸಿ ಮುಂದೆ ಹೋಗುತ್ತದೆ. ಅತಿವೇಗದ ಕ್ಯಾಮೆರಾದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಬಾಣ ನೇರ ಹೋಗಬೇಕಾದರೆ ಎಷ್ಟು ಬೇಕೋ ಅಷ್ಟೇ ಬಳುಕಬೇಕು. ತೀರಾ ಬಿಗಿಯಾದ ಬಾಣವೂ ಕೆಟ್ಟದ್ದು, ತೀರಾ ಮೆದುವಾದದ್ದೂ ಕೆಟ್ಟದ್ದು.

ಈ ಬಿಗಿತಕ್ಕೂ ಅಳತೆಯಿದೆ, ಸ್ಪೈನ್ ಎನ್ನುತ್ತಾರೆ. 28 ಇಂಚು ಅಂತರದ ಎರಡು ಆಸರೆಗಳ ಮೇಲೆ ಬಾಣದ ಕಡ್ಡಿಯನ್ನು ಮಲಗಿಸಿ, ನಡುವೆ 880 ಗ್ರಾಂ ತೂಗಿಬಿಡುತ್ತಾರೆ. ಅರ್ಧ ಇಂಚು ಜೋತರೆ ಅದು 500 ಸ್ಪೈನ್, ಒಂದು ಇಂಚು ಜೋತರೆ 1000. ಸಂಖ್ಯೆ ಹೆಚ್ಚಾದಷ್ಟೂ ಬಾಣ ಮೆದು. ಇದೇ ಬಾಣವನ್ನು ಕತ್ತರಿಸಿ ಗಿಡ್ಡ ಮಾಡಿದರೆ ಬಿಗಿಯಂತೆ ನಡೆದುಕೊಳ್ಳುತ್ತದೆ, ಮೊನೆಗೆ ಭಾರ ಹೆಚ್ಚಿಸಿದರೆ ಮೆದುವಿನಂತೆ. ಹಾಗಾದರೆ ನನ್ನ ಬಾಣ ನನ್ನ ಬಿಲ್ಲಿಗೆ ಹೊಂದಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಇದಕ್ಕೊಂದು ಪರೀಕ್ಷೆಯಿದೆ. ಗರಿ ಅಂಟಿಸಿದ ಮೂರು ಬಾಣ, ಗರಿ ಕಿತ್ತ ಎರಡು ಬಾಣ. ಹದಿನೆಂಟಿಪ್ಪತ್ತು ಮೀಟರ್ ದೂರದಿಂದ ಒಂದೇ ಗುರಿಗೆ ಐದನ್ನೂ ಬಿಡಿ. ಗರಿ ಇರುವ ಬಾಣ ತನ್ನ ತಪ್ಪನ್ನು ಹಾರುವಾಗಲೇ ತಿದ್ದಿಕೊಳ್ಳುತ್ತದೆ. ಗರಿಯಿಲ್ಲದ್ದಕ್ಕೆ ಆ ಸವಲತ್ತಿಲ್ಲ, ಅದು ಬಿಲ್ಲಿನ ನಿಜವನ್ನು ಹೇಳಿಬಿಡುತ್ತದೆ. ಬಲಗೈಯಿಂದ ಎಳೆಯುವವರಲ್ಲಿ ಗರಿಯಿಲ್ಲದ ಬಾಣಗಳು ಎಡಕ್ಕೆ ಬಿದ್ದರೆ ಬಾಣ ಬಿಗಿಯಾಗಿದೆ, ಬಲಕ್ಕೆ ಬಿದ್ದರೆ ಮೆದುವಾಗಿದೆ. ಗರಿಬಾಣಗಳಿಗಿಂತ ಮೇಲೆ ಬಿದ್ದರೆ ನಾಕಿಂಗ್ ಪಾಯಿಂಟನ್ನು ಏರಿಸಬೇಕು, ಕೆಳಗೆ ಬಿದ್ದರೆ ಇಳಿಸಬೇಕು. ಪ್ಲಂಜರಿನ ಸ್ಪ್ರಿಂಗನ್ನು ಬಿಗಿಮಾಡಿ ಸಡಿಲಿಸಿ, ಐದೂ ಬಾಣ ಒಂದೇ ಗುಂಪಿನಲ್ಲಿ ಸೇರುವವರೆಗೆ ಕೆಲಸ ನಡೆಯಬೇಕು.

ಇಲ್ಲಿಗೆ ನನ್ನ ಜಗಳದ ತಿರುಳಿಗೆ ಬಂದೆ. ಯಾವುದಾದರೂ ಯೋಜನೆಯಡಿ ಹತ್ತು ಬಿಲ್ಲು, ನೂರು ಬಾಣ ಒಂದೇ ಲಾಟಿನಲ್ಲಿ ಖರೀದಿಯಾಗಿ ಒಂದು ವಸತಿ ಶಾಲೆಗೆ ಬಂದವು ಎಂದಿಟ್ಟುಕೊಳ್ಳಿ. ಟೆಂಡರಿನ ಭಾಷೆಯಲ್ಲಿ ಎಲ್ಲ ಬಾಣವೂ ಒಂದೇ ಉದ್ದ, ಒಂದೇ ಸ್ಪೈನ್; ಎಲ್ಲ ಬಿಲ್ಲೂ ಒಂದೇ ತೂಕ. ಫೋಟೋ ಆಗುತ್ತದೆ, ಸ್ಟಾಕ್ ರಿಜಿಸ್ಟರಿನಲ್ಲಿ ಸಹಿಯಾಗುತ್ತದೆ. ಮೇಲೆ ಹೇಳಿದ ಹುಡುಗಿಗೆ ದೊಡ್ಡವರ ಬಿಗಿಬಾಣ ಸಿಗುತ್ತದೆ. ಅವಳು ಎಷ್ಟೇ ಚೆನ್ನಾಗಿ ನಿಂತರೂ, ಎಷ್ಟೇ ಉಸಿರು ಹಿಡಿದರೂ ಬಾಣ ಎಡಕ್ಕೇ ಹೋಗುತ್ತದೆ. ಬಾಣ ಬಿಗಿಯಾಗಿದೆ ಎಂದು ಅವಳಿಗೆ ಹೇಳುವವರಿಲ್ಲ. ಎದುರಿಗೆ ಇರುವವರು ಹೇಳುವುದು ಒಂದೇ: "ಗಮನ ಇಡು." ಅವಳು ಗುರಿಯನ್ನು ಬಿಟ್ಟು ಬಲಕ್ಕೆ ನೋಡಲು ಕಲಿಯುತ್ತಾಳೆ, ಅಂದರೆ ಬಿಲ್ಲಿನ ತಪ್ಪನ್ನು ತನ್ನ ಮೈಯಲ್ಲಿ ತುಂಬಿಕೊಳ್ಳುತ್ತಾಳೆ. ಆರು ತಿಂಗಳಾದ ಮೇಲೆ "ರಕ್ತದಲ್ಲಿದ್ದರೂ ಇವಳಿಗೆ ಶಿಸ್ತಿಲ್ಲ" ಎಂಬ ಷರಾ ಬೀಳುತ್ತದೆ. ಹೊಗಳಿಕೆಯ ಇನ್ನೊಂದು ಮುಖ ಇದು. ಗೆದ್ದರೆ ಕೀರ್ತಿ ಕುಲಕ್ಕೆ, ಸೋತರೆ ತಪ್ಪು ಮಗುವಿನದು. ಬಿಲ್ಲನ್ನು ಹೊಂದಿಸದೆ ಕೊಟ್ಟವರ ಹೆಸರು ಎರಡು ಕಡೆಯೂ ಬರುವುದಿಲ್ಲ.

ಒಮ್ಮೆ ಹೊಂದಿಸಿಕೊಟ್ಟರೆ ಮುಗಿಯಿತೇ? ಇಲ್ಲ. ಮಕ್ಕಳು ಬೆಳೆಯುತ್ತಾರೆ. ಶಾಲೆ ಶುರುವಾಗುವ ಜೂನಿನಲ್ಲಿ 25 ಇಂಚು ಎಳೆಯುತ್ತಿದ್ದವಳು ಪರೀಕ್ಷೆಯ ಹೊತ್ತಿಗೆ 26 ಇಂಚು ಎಳೆಯಬಹುದು. ಇಂಚು ಹೆಚ್ಚಿದರೆ ಬಲ ಹೆಚ್ಚಿತು, ಬಲ ಹೆಚ್ಚಿದರೆ ಅದೇ ಬಾಣ ಈಗ ಮೆದುವಾಯಿತು, ಎಡಕ್ಕೆ ಹೋಗುತ್ತಿದ್ದದ್ದು ಬಲಕ್ಕೆ ಹೋಗತೊಡಗಿತು. ಪೂರ್ತಿ ಎಳೆದಾಗ 'ಟಿಕ್' ಎನ್ನುವ ಕ್ಲಿಕರ್ ಪಟ್ಟಿಯನ್ನು ಹಿಂದೆ ಸರಿಸಬೇಕು. ಹೊಸ ಹೆದೆ ದಿನ ಕಳೆದಂತೆ ಜಗ್ಗುತ್ತದೆ, ಬ್ರೇಸ್ ಹೈಟ್ ಇಳಿಯುತ್ತದೆ. ಬಿಲ್ಲುಗಾರಿಕೆಗೆ ವಾರಕ್ಕೊಮ್ಮೆ ಕೈಯಾಡಿಸುವವರು ಬೇಕು. ವರ್ಷಕ್ಕೊಮ್ಮೆ ಬಂದು ಎರಡು ದಿನದ 'ಪ್ರತಿಭಾ ಶೋಧ' ಮಾಡಿ ಹೋಗುವವರಿಂದ ಇದು ಆಗುವ ಕೆಲಸವಲ್ಲ.

ಹಳಿಯಾಳದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಅದು ಕುಸ್ತಿಯ ಊರು. ಗರಡಿಯ ಮಣ್ಣನ್ನು ಹೊಲದಿಂದ ತಂದು ಸುರಿದರೆ ಕಣ ಆಗುವುದಿಲ್ಲ ಎಂದು ಅಲ್ಲಿಯ ಮಕ್ಕಳಿಗೂ ಗೊತ್ತು. ಮಣ್ಣು ಜರಡಿಯಾಗಬೇಕು, ಎಣ್ಣೆ, ಮಜ್ಜಿಗೆ, ಅರಿಸಿನ ಬೀಳಬೇಕು, ದಿನವೂ ಹದ ಮಾಡಬೇಕು. ಉಸ್ತಾದರು ಬೇಕು, ಜೋಡಿ ಬೇಕು, ಹಾಲು ಬಾದಾಮಿಯ ಖುರಾಕು ಬೇಕು. ಪೈಲ್ವಾನನ ಮಗ ರಕ್ತದಿಂದಲೇ ಪೈಲ್ವಾನನಾಗುತ್ತಾನೆ, ಗರಡಿ ಮುಚ್ಚಿಬಿಡಿ ಎಂದು ಹಳಿಯಾಳದಲ್ಲಿ ಯಾರಾದರೂ ಹೇಳಿ ನೋಡಲಿ. ಕುಸ್ತಿಯಲ್ಲಿ ನಾವು ಒಪ್ಪುವ ಈ ಸಾದಾ ಸತ್ಯವನ್ನು ಬಿಲ್ಲಿನ ವಿಷಯದಲ್ಲಿ, ಅದೂ ಸಿದ್ದಿ, ಕುಣಬಿ, ಗೌಳಿ ಮಕ್ಕಳ ವಿಷಯದಲ್ಲಿ ಯಾಕೆ ಮರೆಯುತ್ತೇವೆ? ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಊರಿನ ಮಕ್ಕಳಿಗೆ ವಿದ್ಯೆ, ಕಾಡಿನ ಮಕ್ಕಳಿಗೆ ಹುಟ್ಟುಗುಣ ಎಂಬ ಹಳೆಯ ಹಂಚಿಕೆಯೇ ಇಲ್ಲಿ ಹೊಸ ಜರ್ಸಿ ತೊಟ್ಟು ನಿಂತಿದೆ.

'ಕಾಡಿನ ಬಿಲ್ಲು' ಎಂಬ ಮಾತನ್ನೂ ಒಮ್ಮೆ ತಿರುಗಿಸಿ ನೋಡಿ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಬೇಟೆ ಅಪರಾಧ. ದಾಂಡೇಲಿ, ಜೋಯಿಡಾ ಸುತ್ತಲಿನ ಕಾಡು ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಅದರೊಳಗೆ ಬಿಲ್ಲು ಹಿಡಿದು ನಡೆದವನ ಮೇಲೆ ಕೇಸು ಬೀಳುತ್ತದೆ. ಬೀಳಬೇಕಾದದ್ದೇ. ಆದರೆ ಕಾಡಿನಲ್ಲಿ ಹಿಡಿದರೆ ಅಪರಾಧವಾಗುವ ಬಿಲ್ಲು, ವೇದಿಕೆಯ ಮೇಲೆ ಅದೇ ಜನರ ರಕ್ತದ ಗುಣವಾಗಿ ಹೊಳೆಯುವುದು ತಮಾಷೆಯಲ್ಲವೇ? ಇನ್ನು ಬಿಲ್ಲು ರಾಜಾರೋಷವಾಗಿ ಸಿಗುವ ಜಾಗ ದಾಂಡೇಲಿಯ ಸುತ್ತ ಒಂದಿದೆ, ರಿಸಾರ್ಟುಗಳ ಅಂಗಳ. ರಾಫ್ಟಿಂಗ್, ಜಿಪ್‌ಲೈನ್, ಕಯಾಕಿಂಗ್ ಎಂಬ ಪಟ್ಟಿಯ ಕೊನೆಗೆ 'ಆರ್ಚರಿ' ಎಂದೂ ಬರೆದಿರುತ್ತದೆ. ಇದರಲ್ಲಿ ತಪ್ಪೇನಿಲ್ಲ, ರಜೆಗೆ ಬಂದವರು ಆಡಿ ನಗಲಿ. ಆದರೆ ಬಾಣ ಆರಿಸಿ ತಂದುಕೊಡುವ ಊರಿನ ಹುಡುಗನಿಗೆ ಆ ಬಿಲ್ಲಿನ ಬ್ರೇಸ್ ಹೈಟ್ ಎಷ್ಟು ಎಂದು ಕಲಿಸಿದ್ದರೆ ಅವನ ಕೈಯಲ್ಲೊಂದು ಕಸುಬಾದರೂ ಇರುತ್ತಿತ್ತು.

ಸಾಹಿತ್ಯದ ವಿದ್ಯಾರ್ಥಿಗಳೇ, ಇನ್ನು ನಮ್ಮ ಪಾಲಿನ ಲೆಕ್ಕ. ಬಿಲ್ಲು ಎಂದ ಕೂಡಲೇ ನಮಗೆ ನೆನಪಾಗುವುದು ಏಕಲವ್ಯ. ಕುವೆಂಪು ಅವನ ಮೇಲೆ 'ಬೆರಳ್‌ಗೆ ಕೊರಳ್' ಬರೆದರು. ದ್ರೋಣನನ್ನು ಕಟಕಟೆಗೆ ತಂದು ನಿಲ್ಲಿಸುವುದು ಕನ್ನಡದ ಓದುಗರಿಗೆ ಹೊಸದೇನಲ್ಲ. ಆದರೆ ಆ ಕಥೆಯ ಮೊದಲ ಭಾಗವನ್ನು ನಾವು ಪ್ರಶ್ನಿಸುವುದು ಕಡಿಮೆ. ಗುರುವಿಲ್ಲದೆ, ಮಣ್ಣಿನ ಮೂರ್ತಿಯ ಮುಂದೆ, ಕಾಡಿನ ಹುಡುಗ ತಾನೇ ಎಲ್ಲವನ್ನೂ ಕಲಿತ ಎಂಬ ಭಾಗ ಅದು. ಹೆಬ್ಬೆರಳು ಕೇಳಿದ್ದು ಅನ್ಯಾಯ ಎನ್ನುವ ನಾವೇ, ಮೂರ್ತಿಯನ್ನು ನೋಡಿ ಕಲಿತದ್ದು ಅದ್ಭುತ ಎಂದು ಮೆಚ್ಚುತ್ತೇವೆ. ಕಲಿಸಲು ಒಪ್ಪದ ಗುರುವಿಗೆ ಇದಕ್ಕಿಂತ ಅನುಕೂಲದ ಅದ್ಭುತ ಬೇರೆ ಇಲ್ಲ. ಇಂದಿನ ರಿಕರ್ವ್ ಬಿಲ್ಲಿನಲ್ಲಿ ಹೆದೆಯನ್ನು ಎಳೆಯುವುದು ತೋರುಬೆರಳು, ನಡುಬೆರಳು, ಉಂಗುರಬೆರಳು. ಹೆಬ್ಬೆರಳು ಹೆದೆಯನ್ನು ಮುಟ್ಟುವುದೇ ಇಲ್ಲ, ಅಂಗೈಯೊಳಗೆ ಮಡಚಿಕೊಂಡಿರುತ್ತದೆ. ಅದನ್ನು ಈಗ ಯಾರೂ ಕೇಳುವುದಿಲ್ಲ. ಮಣ್ಣಿನ ಮೂರ್ತಿಯೊಂದೇ ಸಾಕು ಎನ್ನುವ ನಂಬಿಕೆಯನ್ನು ಮಾತ್ರ ಹಾಗೇ ಉಳಿಸಿಕೊಂಡಿದ್ದೇವೆ.

ಭಾಷೆಯ ಲೆಕ್ಕವೂ ಇದೆ. ಹೆದೆ, ಗರಿ, ಮೊನೆ, ಬತ್ತಳಿಕೆ, ಹೂಡು, ಎಸೆ: ಹಳಗನ್ನಡ ಕಾವ್ಯ ಓದಿದವರಿಗೆ ಬಿಲ್ಲಿನ ಶಬ್ದಗಳಿಗೆ ಬರವಿಲ್ಲ. ಕುರುಕ್ಷೇತ್ರದ ಬಾಣಗಳ ಬಗ್ಗೆ ಪುಟಗಟ್ಟಲೆ ವ್ಯಾಖ್ಯಾನ ಬರೆಯಬಲ್ಲೆವು. ಒಂದು ಬಿಲ್ಲನ್ನು ಹೊಂದಿಸುವುದು ಹೇಗೆಂದು ಮುಂಡಗೋಡದ ಎಂಟನೇ ತರಗತಿಯ ಹುಡುಗಿ ಓದಿ ತಿಳಿಯುವಂತೆ ಹತ್ತು ಪುಟದ ಕೈಪಿಡಿ ಬರೆಯಲು ನಮಗೆ ತೋಚಿಲ್ಲ. ಮನೆಯಲ್ಲಿ ಕೊಂಕಣಿ ಅಥವಾ ಮರಾಠಿ, ಶಾಲೆಯಲ್ಲಿ ಕನ್ನಡ ಎಂದು ಈಗಾಗಲೇ ಎರಡು ಭಾಷೆಯ ಹೊರೆ ಹೊತ್ತ ಮಗುವಿನ ಎದುರಿಗೆ ಇಂಗ್ಲಿಷಿನ ಕೈಪಿಡಿ ಇಡುತ್ತೇವೆ. ಟ್ಯೂನಿಂಗ್ ಎಂಬುದಕ್ಕೆ ನಮ್ಮಲ್ಲಿ ಎಷ್ಟು ಒಳ್ಳೆಯ ಮಾತಿದೆ: ಶ್ರುತಿ ಕೂಡಿಸುವುದು. ಈ ತಾಲ್ಲೂಕುಗಳಿಗೆ ಹತ್ತಿರದ ಧಾರವಾಡ, ಹುಬ್ಬಳ್ಳಿಗಳು ಮಲ್ಲಿಕಾರ್ಜುನ ಮನಸೂರರ, ಗಂಗೂಬಾಯಿ ಹಾನಗಲ್ಲರ ಊರುಗಳು. ಶ್ರುತಿ ಕೂಡದ ತಂಬೂರಿಯನ್ನು ಮಗುವಿನ ಪಕ್ಕಕ್ಕಿಟ್ಟು, ಅಪಸ್ವರ ಬಂದಾಗ ಮಗುವಿನ ಕಂಠವನ್ನು ಬೈಯುವ ಗುರುವನ್ನು ಆ ನೆಲ ಒಪ್ಪುತ್ತದೆಯೇ?

ನನ್ನ ಮಾತಿಗೆ ಎದುರಾಗಿ ಬರುವ ವಾದಗಳು ನನಗೆ ಗೊತ್ತಿವೆ. ಒಂದು: "ಮೊದಲು ಭಂಗಿ, ಆಮೇಲೆ ಬಿಲ್ಲು. ಹೊಸಬರಿಗೆ ಇಷ್ಟೆಲ್ಲ ಸೂಕ್ಷ್ಮ ಬೇಕಿಲ್ಲ." ಇದರಲ್ಲಿ ನಿಜವಿದೆ. ಬಾಣಗಳು ಹಲಗೆಯ ತುಂಬ ಚೆಲ್ಲಾಡುತ್ತಿರುವಾಗ ಗರಿಯಿಲ್ಲದ ಬಾಣದ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಒಂದೇ ರೀತಿ ಬಿಡಲು ಬಂದ ಮೇಲೆಯೇ ಬಾಣ ಏನಾದರೂ ಹೇಳೀತು. ಆದರೆ ಜೋಡಣೆ ಬೇರೆ, ಶ್ರುತಿ ಬೇರೆ. ಮೈಗೆ ತಕ್ಕ ತೂಕ, ಸರಿಯಾದ ಬ್ರೇಸ್ ಹೈಟ್, ಅಳತೆಗೆ ತಕ್ಕ ಬಾಣ, ಇವು ಮೊದಲ ದಿನದಿಂದಲೇ ಬೇಕು. ಅವಿಲ್ಲದೆ ಒಳ್ಳೆಯ ಭಂಗಿಯೇ ಹುಟ್ಟುವುದಿಲ್ಲ.

ಎರಡು: "ಬಿದಿರಿನ ಬಿಲ್ಲಿದೆಯಲ್ಲ, ಇಂಡಿಯನ್ ರೌಂಡಿನಲ್ಲಿ ಆಡಲಿ." ನಮ್ಮ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಬಿದಿರಿನ ಬಿಲ್ಲಿಗೆಂದೇ ಇಂಡಿಯನ್ ರೌಂಡ್ ಎಂಬ ವಿಭಾಗವಿದೆ, 50 ಮತ್ತು 30 ಮೀಟರ್ ದೂರಗಳಿಂದ. ಕಡಿಮೆ ಖರ್ಚಿನಲ್ಲಿ ಆಟಕ್ಕೆ ಬರಲು ಅದು ಒಳ್ಳೆಯ ಬಾಗಿಲು, ಅದನ್ನು ನಾನು ಹೀಗಳೆಯುವುದಿಲ್ಲ. ಆದರೆ ಬಾಗಿಲಲ್ಲೇ ಕೂರಿಸಿ ಊಟ ಹಾಕುವುದು ಯಾವ ಮರ್ಯಾದೆ? ಒಲಿಂಪಿಕ್ಸಿನಲ್ಲಿ ಬಿದಿರಿನ ಬಿಲ್ಲಿನ ವಿಭಾಗವಿಲ್ಲ. ರಿಕರ್ವ್‌ಗೆ ದಾಟಬೇಕಾದ ದಿನ ಬಂದಾಗ ಲಕ್ಷಗಟ್ಟಲೆ ರೂಪಾಯಿಯ ಬಿಲ್ಲು, ಬಾಣ, ಅದನ್ನು ಹೊಂದಿಸುವ ವಿದ್ಯೆ ಮೂರೂ ಒಟ್ಟಿಗೆ ಬೇಕಾಗುತ್ತವೆ. ಅಲ್ಲಿ ನಾವು ಮೌನ. ಇನ್ನೊಂದನ್ನೂ ನೆನಪಿಸುತ್ತೇನೆ. 1950ರ ದಶಕದಲ್ಲಿ ದಾಂಡೇಲಿಗೆ ಕಾಗದದ ಗಿರಣಿ ಬಂದಾಗ ಈ ಕಾಡುಗಳ ಬಿದಿರು ಗಿರಣಿಯ ಬಾಯಿಗೆ ಹೋಯಿತು. ಬಿದಿರನ್ನು ಕೈಗಾರಿಕೆಗೆ ಕೊಟ್ಟು, ಈಗ ಅದೇ ಕಾಡಿನ ಮಕ್ಕಳಿಗೆ "ನಿಮಗೆ ಬಿದಿರೇ ಚಂದ" ಎನ್ನುವಾಗ ಸ್ವಲ್ಪ ಸಂಕೋಚವಾದರೂ ಇರಲಿ.

ಮೂರು: "ನಿಜವಾದ ಪ್ರತಿಭೆ ಹೇಗಾದರೂ ಮೇಲೆ ಬರುತ್ತದೆ, ದೀಪಿಕಾ ಕುಮಾರಿಯನ್ನು ನೋಡಿ." ನೋಡೋಣ. ರಾಂಚಿಯ ಹತ್ತಿರದ ಹಳ್ಳಿಯ ಹುಡುಗಿ, ಆಟೋ ಓಡಿಸುವವರ ಮಗಳು, ಮಾವಿನಕಾಯಿಗೆ ಗುರಿಯಿಡುತ್ತಿದ್ದವಳು ಎಂಬಲ್ಲಿಗೆ ನಮ್ಮ ಕಥೆ ನಿಲ್ಲುತ್ತದೆ. ಮುಂದಿನದು ಹೀಗಿದೆ: 2005ರಲ್ಲಿ ಖರ್ಸಾವಾಂನ ಬಿಲ್ಲುಗಾರಿಕೆ ಶಾಲೆ, ಮರುವರ್ಷ ಜಮ್ಶೆಡ್‌ಪುರದ ಟಾಟಾ ಆರ್ಚರಿ ಅಕಾಡೆಮಿ, ಅಲ್ಲಿ ಬಿಲ್ಲು, ಕೋಚು, ಊಟ, ವಸತಿ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಬಂದದ್ದು ಆಮೇಲೆ. ಜಾರ್ಖಂಡಿನವರು ರಕ್ತದ ಮೇಲೆ ಭಾರ ಹಾಕಿ ಕೂರಲಿಲ್ಲ, ಅಕಾಡೆಮಿ ಕಟ್ಟಿದರು. ರಕ್ತವೇ ಸಾಕಾಗಿದ್ದರೆ 1988ರಿಂದ ಇಲ್ಲಿಯವರೆಗೆ ಒಂದಾದರೂ ಒಲಿಂಪಿಕ್ ಪದಕ ನಮ್ಮ ಬಿಲ್ಲಿಗೆ ಬರಬೇಕಿತ್ತು. 2024ರ ಪ್ಯಾರಿಸ್ಸಿನಲ್ಲಿ ಮಿಶ್ರ ತಂಡದ ನಾಲ್ಕನೇ ಸ್ಥಾನವೇ ನಮ್ಮ ಅತಿ ಹತ್ತಿರದ ಸಾಧನೆ. ಅತ್ತ ದಕ್ಷಿಣ ಕೊರಿಯಾದ ಮಹಿಳಾ ತಂಡ 1988ರಿಂದ 2024ರವರೆಗೆ ನಡೆದ ಹತ್ತೂ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದಿದೆ. ಅವರು ಕಾಡಿನ ಮಕ್ಕಳೆಂದು ಯಾರೂ ಹೇಳುವುದಿಲ್ಲ. ಶಾಲೆಯಲ್ಲಿ ಬಿಲ್ಲು ಕಲಿಸುವ ದೇಶ ಅದು. ಬಿಲ್ಲು ತಯಾರಿಸುವುದರಲ್ಲೂ ಮುಂದಿರುವ ದೇಶ ಅದು. ಮಾಡುವವರು, ಹೊಂದಿಸುವವರು, ಕಲಿಸುವವರು, ಹಿಡಿಯುವವರು ಒಬ್ಬರನ್ನೊಬ್ಬರು ಬಲ್ಲರು.

ನಾಲ್ಕನೆಯ ವಾದ ಎಲ್ಲಕ್ಕಿಂತ ಗಟ್ಟಿಯಾದದ್ದು: "ರಸ್ತೆಯಿಲ್ಲ, ಜೋಯಿಡಾದ ಹಳ್ಳಿಗಳಿಂದ ಆಸ್ಪತ್ರೆ ದೂರ. ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಲು 2003ರವರೆಗೆ ಕಾಯಬೇಕಾಯಿತು, ಕುಣಬಿಗಳು ಇನ್ನೂ ಕೇಳುತ್ತಲೇ ಇದ್ದಾರೆ. ಇಂಥಲ್ಲಿ ನಿಮಗೆ ಬಿಲ್ಲಿನ ಸ್ಪ್ರಿಂಗಿನ ಚಿಂತೆಯೇ?" ರಸ್ತೆ, ಆಸ್ಪತ್ರೆ, ಹಕ್ಕುಪತ್ರ ಮೊದಲು ಎನ್ನುವುದರಲ್ಲಿ ನನ್ನ ಎರಡು ಮಾತಿಲ್ಲ. ಆದರೆ ಬಿಲ್ಲಿನ ಮಾತನ್ನು ಶುರು ಮಾಡಿದ್ದು ನಾನಲ್ಲ. ವೇದಿಕೆಯ ಮೇಲಿನಿಂದ ಈ ಮಕ್ಕಳಿಗೆ ಆಸೆ ಹುಟ್ಟಿಸುತ್ತ ಬಂದವರು ಮೂವತ್ತೈದು ವರ್ಷಕ್ಕೂ ಮೇಲ್ಪಟ್ಟು ಅದನ್ನೇ ಮಾಡುತ್ತಿದ್ದಾರೆ. ಆಸೆ ಹುಟ್ಟಿಸಿದವರು ಅದರ ಖರ್ಚನ್ನೂ ಹೊರಬೇಕು, ಇಲ್ಲವೇ ಬಾಯಿ ಮುಚ್ಚಬೇಕು. ನಡುವಿನ ದಾರಿ ಇಲ್ಲ.

ಖರ್ಚಾದರೂ ಎಷ್ಟು? ನಾನು ಕ್ರೀಡಾಂಗಣ ಕೇಳುತ್ತಿಲ್ಲ. ನಾಲ್ಕೂ ತಾಲ್ಲೂಕುಗಳಲ್ಲಿ ತಲಾ ಒಂದು ಮೇಜು ಕೇಳುತ್ತಿದ್ದೇನೆ. ಮೇಜಿನ ಮೇಲೆ ಬಿಲ್ಲಿನ ಅಳತೆಗೋಲು, ಎಳೆತದ ಬಲ ನೋಡುವ ಒಂದು ತೂಗುತಕ್ಕಡಿ, ಅಲೆನ್ ಕೀಗಳು, ಬಾಣ ಕತ್ತರಿಸುವ ಯಂತ್ರ, ಗರಿ ಅಂಟಿಸುವ ಅಚ್ಚು, ಬೇರೆ ಬೇರೆ ಸ್ಪೈನಿನ ಒಂದಷ್ಟು ಬಾಣ, ಹೆದೆ ಕಟ್ಟುವ ದಾರ. ಹೊರಗೆ ಮಣ್ಣಿನ ದಿಬ್ಬ ಹಿಂದಿಟ್ಟುಕೊಂಡ ಒಂದು ಬಯಲು. ಮಳೆಗಾಲಕ್ಕೆ 18 ಮೀಟರ್ ಉದ್ದದ ಗುರಿದಾರಿ ಹಿಡಿಸುವ ಸಭಾಭವನ, ಒಳಾಂಗಣ ಸ್ಪರ್ಧೆಯ ದೂರವೂ ಅದೇ. ಮೇಜಿನ ಮೇಲಿನದೆಲ್ಲ ಸೇರಿದರೂ ಸ್ಪರ್ಧಾ ಮಟ್ಟದ ಒಂದು ಬಿಲ್ಲಿನ ಬೆಲೆ ದಾಟುವುದು ಕಷ್ಟ. ಎಲ್ಲಕ್ಕಿಂತ ಮುಖ್ಯವಾಗಿ, ಆ ಮೇಜಿನ ಹಿಂದೆ ತಿಂಗಳ ಸಂಬಳಕ್ಕೆ ಕೂರುವ ಒಬ್ಬರು. ಅವರನ್ನು ಹೊರಗಿನಿಂದಲೇ ತರಬೇಕಿಲ್ಲ. ದಾಂಡೇಲಿ ಫಿಟ್ಟರುಗಳ ಊರು. ಗಿರಣಿಯ ರೋಲರನ್ನು ಕೂದಲೆಳೆಯಷ್ಟೂ ವಾಲದಂತೆ ಕೂರಿಸಿದ ಕೈಗಳಿಗೆ ಎರಡು ಲಿಂಬುಗಳನ್ನು ಒಂದೇ ಸಾಲಿಗೆ ತರುವುದು ಕಷ್ಟವಾಗದು. ಹಳಿಯಾಳದಲ್ಲಿ ಇಂಜಿನಿಯರಿಂಗ್ ಕಾಲೇಜಿದೆ, ಕ್ಯಾಲಿಪರ್ ಹಿಡಿಯಬಲ್ಲ ಹುಡುಗ ಹುಡುಗಿಯರಿದ್ದಾರೆ. ಸಿದ್ದಿ, ಕುಣಬಿ, ಗೌಳಿ ಮನೆಗಳ ಮಕ್ಕಳೇ ಈ ಕಸುಬು ಕಲಿಯಲಿ. ಎಲ್ಲರೂ ಒಲಿಂಪಿಕ್ಸಿಗೆ ಹೋಗುವುದಿಲ್ಲ, ಆದರೆ ಬಿಲ್ಲು ಹೊಂದಿಸಲು ಬಂದವರು ಕೋಚ್ ಆಗುತ್ತಾರೆ, ಅಂಗಡಿ ಇಡುತ್ತಾರೆ, ರಿಸಾರ್ಟಿನಲ್ಲೂ ಬಾಣ ಆರಿಸುವ ಕೆಲಸಕ್ಕಿಂತ ಮೇಲಿನ ಕೆಲಸ ಹಿಡಿಯುತ್ತಾರೆ.

ಇನ್ನು ಮುಂದೆ ಯಾರಾದರೂ ಈ ನಾಲ್ಕು ತಾಲ್ಲೂಕಿನ ಮಕ್ಕಳ ಎದುರು ನಿಂತು "ಬಿಲ್ಲು ನಿಮ್ಮ ರಕ್ತದಲ್ಲೇ ಇದೆ" ಎಂದರೆ, ಚಪ್ಪಾಳೆ ತಟ್ಟುವ ಮುಂಚೆ ಒಂದು ಪ್ರಶ್ನೆ ಕೇಳಿ. "ಸ್ವಾಮಿ, ಇವಳ ಎಳೆತ ಎಷ್ಟು ಇಂಚು? ಇವಳ ಬಾಣದ ಸ್ಪೈನ್ ಎಷ್ಟು?" ಉತ್ತರ ಗೊತ್ತಿದ್ದವರು ಆ ಮಗುವಿಗೆ ನಿಜವಾಗಿ ಏನನ್ನೋ ಕೊಟ್ಟಿದ್ದಾರೆ. ಉತ್ತರ ಗೊತ್ತಿಲ್ಲದವರಿಗೆ ಗರಿ ಕಿತ್ತ ಎರಡು ಬಾಣ ಕೊಟ್ಟು, ಅವು ಎಲ್ಲಿ ಬೀಳುತ್ತವೆ ನೋಡಿ ಎನ್ನಿ.